ಆಕಾಶದ ದಪ್ಪ ಎಷ್ಟು?

ಹಳೆಯ ಇಬ್ರಿಯರ, ಅಂದರೆ ಯಹೂದಿಗಳ ಪೂರ್ವಿಕರ, ಆಕಾಶ ಅಂದರೆ ಇಂಟರ್ನೆಟ್ಟಿನಲ್ಲಿ ಒಂದೇ ಚಿತ್ರ ಓಡಾಡುತ್ತೆ. ಕೆಳಗೆ ಚಪ್ಪಟೆ ಭೂಮಿ, ಮೇಲೆ ಗಟ್ಟಿ ಗುಮ್ಮಟ, ಅದರಾಚೆ ನೀರು, ಅಲ್ಲಲ್ಲಿ ಕಿಂಡಿ. ಆ ಚಿತ್ರ ಇಬ್ರಿಯರು ಬರೆದದ್ದಲ್ಲ. ಬೈಬಲಿನ ಬೇರೆಬೇರೆ ಕಾಲದ ಸಾಲುಗಳನ್ನು ಹೆಕ್ಕಿ ಈಚಿನವರು ಜೋಡಿಸಿದ್ದು. ಹೊಲಿಗೆ ಅಲ್ಲಲ್ಲಿ ಬಿಚ್ಚಿಕೊಳ್ಳುತ್ತೆ. ಯೋಬನ ಪುಸ್ತಕದ 37ನೇ ಅಧ್ಯಾಯದಲ್ಲಿ ಆಕಾಶ ಎರಕದ ಕನ್ನಡಿಯಷ್ಟು ಗಟ್ಟಿ. ಯೆಶಾಯನ 40ರಲ್ಲಿ ಬಿಚ್ಚಿ ಕಟ್ಟಿದ ಗುಡಾರ. ಆದಿಕಾಂಡದ ಜಲಪ್ರಳಯಕ್ಕೆ ಮೇಲಿನ ಕಿಂಡಿಗಳು ತೆರೆಯಬೇಕು. ಯೋಬನ 36ರಲ್ಲಿ ಮಳೆ ಸುರಿಸೋದು ಮೋಡ.

"ಹಾಗಾದರೆ ಅದೆಲ್ಲ ಬರೀ ಕಾವ್ಯ, ಅವರು ಹೇಳಿದ್ದು ವಾಯುಮಂಡಲವನ್ನೇ" ಅನ್ನೋ ವಾದ ಇದೆಯಲ್ಲ, ಅದು ನನಗೆ ಇನ್ನೂ ಕೆಟ್ಟದಾಗಿ ಕಾಣುತ್ತೆ. ಪ್ರವಾದಿ ಯೆರೆಮೀಯನ ಲಿಪಿಕಾರ ಬಾರೂಕನ ಹೆಸರಿನಲ್ಲಿರುವ ಒಂದು ಹಳೆಯ ಗ್ರಂಥದಲ್ಲಿ, ಆಕಾಶ ಮುಟ್ಟೋಕೆ ಬಾಬೆಲ್ ಗೋಪುರ ಕಟ್ಟಿದವರು ಬೈರಿಗೆ ತಗೊಂಡು ಆಕಾಶ ಕೊರೆಯೋಕೆ ಹೊರಡ್ತಾರೆ. ಅದು ಮಣ್ಣಿನದೋ, ತಾಮ್ರದ್ದೋ, ಕಬ್ಬಿಣದ್ದೋ ನೋಡಬೇಕಂತೆ. ಗಾಳಿಗೆ ಯಾರೂ ಬೈರಿಗೆ ಹಿಡಿಯಲ್ಲ.

ಗಟ್ಟಿ ವಸ್ತು ಅಂದಮೇಲೆ ದಪ್ಪ ಇರಲೇಬೇಕು. ಯಹೂದಿಗಳ ಧರ್ಮಗ್ರಂಥ ತಾಲ್ಮುಡ್‌ನ ಪೆಸಾಹಿಮ್ ಭಾಗದ 94ನೇ ಹಾಳೆಯಲ್ಲಿ ಅದರ ಲೆಕ್ಕವೇ ಇದೆ. ಒಬ್ಬ ಮನುಷ್ಯ ದಿನಕ್ಕೆ ನಡೆಯೋದು 40 ಮಿಲ್. ಮಿಲ್ ಅಂದರೆ ಸುಮಾರು ಒಂದು ಕಿಲೋಮೀಟರ್. ಸೂರ್ಯ ಮುಳುಗಿ ನಕ್ಷತ್ರ ಕಾಣುವಷ್ಟರಲ್ಲಿ 4 ಮಿಲ್ ನಡೆಯಬಹುದು. ಅಷ್ಟು ಹೊತ್ತು ಸೂರ್ಯ ಗುಮ್ಮಟದ ಗೋಡೆಯನ್ನು ದಾಟುತ್ತಿರುತ್ತಾನೆ. ಹಾಗಾಗಿ, ರಬ್ಬಿ (ಯಹೂದಿ ಧರ್ಮಗುರು) ಯೆಹೂದಾ ಪ್ರಕಾರ, ಆಕಾಶದ ದಪ್ಪ ಹಗಲಿನ ಹತ್ತನೇ ಒಂದು ಪಾಲು.

ಅದೇ ಹಾಳೆಯಲ್ಲಿ ಇನ್ನೊಂದು ಜಗಳ. ರಾತ್ರಿ ಸೂರ್ಯ ಗುಮ್ಮಟದ ಮೇಲ್ಭಾಗದಲ್ಲಿ ಹಿಂತಿರುಗುತ್ತಾನೆ ಅಂತ ಇಸ್ರಾಯೇಲಿನ ಪಂಡಿತರು. ಭೂಮಿಯ ಕೆಳಗಿಂದ ಅಂತ ಅನ್ಯರ ಪಂಡಿತರು. ರಬ್ಬಿ ಯೆಹೂದಾ ಹನಾಸಿ, ಇವರು ಬೇರೆಯವರು, ಅನ್ಯರ ಮಾತೇ ಸರಿ ಕಾಣುತ್ತೆ ಅಂದುಬಿಡ್ತಾರೆ: ಊಟೆಯ ನೀರು ಹಗಲು ತಣ್ಣಗೆ, ರಾತ್ರಿ ಹಬೆಯಾಡುತ್ತೆ, ಅಂದರೆ ಸೂರ್ಯ ಕೆಳಗಿಂದ ಕಾಯಿಸುತ್ತಿರಬೇಕು. ಕಾರಣ ತಪ್ಪು. ನೀರಿನ ಬಿಸಿ ಹೆಚ್ಚುಕಡಿಮೆ ಅಷ್ಟೇ ಇರುತ್ತೆ, ತಣ್ಣಗಾಗೋದು ಗಾಳಿ. ಆದರೂ ಎದುರು ಪಕ್ಷಕ್ಕೆ ಒಪ್ಪಿದ್ದನ್ನು ಧರ್ಮಗ್ರಂಥದಲ್ಲೇ ಉಳಿಸಿಕೊಂಡರಲ್ಲ, ಅದು ನನಗೆ ಗುಮ್ಮಟಕ್ಕಿಂತ ದೊಡ್ಡದು.

ಇನ್ನು ಆ 4 ಮಿಲ್. ಹಗಲು 12 ಗಂಟೆ, ಅಂದರೆ 720 ನಿಮಿಷ. 40ರಿಂದ ಭಾಗಿಸಿದರೆ ಮಿಲ್‌ಗೆ 18, ನಾಲ್ಕಕ್ಕೆ 72 ನಿಮಿಷ. ಬೆಳಗಿನ, ಸಂಜೆಯ ನಸುಬೆಳಕಿನ ತಲಾ 4 ಮಿಲ್ ಕಳೆದು 32ರಿಂದ ಭಾಗಿಸಿದರೆ ಮಿಲ್‌ಗೆ 22.5, ನಾಲ್ಕಕ್ಕೆ 90. ಎರಡಕ್ಕೂ ಹಿಂಬಾಲಕರಿದ್ದಾರೆ. 12ನೇ ಶತಮಾನದ ಫ್ರಾನ್ಸಿನಲ್ಲಿ ರಬ್ಬೇನು ತಾಮ್ ಅನ್ನೋ ಯಹೂದಿ ಪಂಡಿತರು, ರಾತ್ರಿ ಶುರುವಾಗೋದು ಈ ಪೂರಾ 4 ಮಿಲ್ ಕಳೆದ ಮೇಲೇ ಅಂದರು. ಉತ್ತರಕ್ಕೆ ಹೋದಷ್ಟೂ ಸೂರ್ಯ ಓರೆಯಾಗಿ ಇಳಿಯುತ್ತೆ, ಸಂಜೆಬೆಳಕು ಎಳೆಯುತ್ತೆ. ಅಲ್ಲಿ ಆ ಲೆಕ್ಕ ನಡೆದೀತು. ಜೆರುಸಲೇಮಿನಲ್ಲಿ 72 ನಿಮಿಷ ಆಗುವಷ್ಟರಲ್ಲಿ ಆಕಾಶದ ತುಂಬ ನಕ್ಷತ್ರ. ಇದು ಕಣ್ಣಿಗೆ ಕಾಣೋದಕ್ಕೇ ವಿರುದ್ಧ ಅಂತ 18ನೇ ಶತಮಾನದಲ್ಲಿ ವಿಲ್ನಾದ ಗಾವೋನ್ ಅಂತ ಹೆಸರಾದ ಮಹಾಪಂಡಿತರು ತಕರಾರು ತೆಗೆದರು. ಇವತ್ತಿಗೂ ಕೆಲವು ಯಹೂದಿ ಪಂಚಾಂಗಗಳಲ್ಲಿ ಸಬ್ಬತ್, ಅಂದರೆ ಶನಿವಾರ ರಾತ್ರಿ ಶುರುವಾಗುವವರೆಗಿನ ವಾರದ ವಿಶ್ರಾಂತಿ ದಿನ, ಮುಗಿಯೋಕೆ ಎರಡು ಸಮಯ ಅಚ್ಚಾಗಿರುತ್ತೆ. ತಡವಾದದ್ದು ರಬ್ಬೇನು ತಾಮ್ ಹೆಸರಿನದು.