ಗೆದ್ದವರನ್ನು ಇಳಿಸುವ ಕಾನೂನು

ಮಾನ್ಯ ಅಧ್ಯಕ್ಷರೇ, ಸಭಿಕ ಬಂಧುಗಳೇ,

ತುರ್ಕಿಯ ಆಗ್ನೇಯದಲ್ಲಿ ಹೆಚ್ಚಾಗಿ ನೆಲೆಸಿರುವ, ತಮ್ಮದೇ ಕುರ್ದಿ ಭಾಷೆಯ ಅಲ್ಪಸಂಖ್ಯಾತರಾದ ಕುರ್ದರ ಬಗ್ಗೆ ಈ ಸಭೆಗೆ ಹೆಚ್ಚು ವಿವರಿಸಬೇಕಾಗಿಲ್ಲವಾದ್ದರಿಂದ ನೇರವಾಗಿ 1991ರ ರಾಜಧಾನಿ ಅಂಕಾರಾಕ್ಕೆ ಬರುತ್ತೇನೆ. ಆ ವರ್ಷ ಸಂಸತ್ತಿಗೆ ಆಯ್ಕೆಯಾದ ಕುರ್ದಿ ನಾಯಕಿ ಲೈಲಾ ಝಾನಾ, ಕುರ್ದರ ಹಳದಿ, ಕೆಂಪು, ಹಸಿರು ಬಣ್ಣಗಳ ಪಟ್ಟಿಯನ್ನು ತಲೆಗೆ ಕಟ್ಟಿಕೊಂಡು ಪ್ರಮಾಣವಚನಕ್ಕೆ ನಿಂತರು. ಸಂವಿಧಾನ ವಿಧಿಸಿದ ಪಠ್ಯವನ್ನು ತುರ್ಕಿ ಭಾಷೆಯಲ್ಲೇ ಓದಿ, ತುರ್ಕರು, ಕುರ್ದರು ಎರಡೂ ಜನಾಂಗಗಳ ಸೋದರಭಾವಕ್ಕಾಗಿ ಈ ಪ್ರಮಾಣ ಎಂಬರ್ಥದ ಮಾತನ್ನು ಕುರ್ದಿಯಲ್ಲಿ ಸೇರಿಸಿದರು. ಸದನ ಕೆರಳಿತು. 1994ರಲ್ಲಿ ಅವರ ಬಂಧನವಾಯಿತು, 15 ವರ್ಷಗಳ ಶಿಕ್ಷೆಯಾಯಿತು, ಹೊರಬಂದದ್ದು 2004ರಲ್ಲಿ. 2015ರಲ್ಲಿ ಮತ್ತೆ ಗೆದ್ದಾಗ, ಪ್ರಮಾಣದ ಪಠ್ಯದಲ್ಲಿ ಒಂದು ಪದ ಬದಲಿಸಿದರೆಂದು ಅದನ್ನು ಅಸಿಂಧು ಎನ್ನಲಾಯಿತು. 2018ರಲ್ಲಿ ಕಲಾಪಕ್ಕೆ ಗೈರುಹಾಜರಾದರೆಂದು ಸದಸ್ಯತ್ವವನ್ನೇ ಕಿತ್ತುಕೊಳ್ಳಲಾಯಿತು. ಪ್ರಮಾಣವನ್ನೇ ಒಪ್ಪದವರು ಹಾಜರಿ ಪುಸ್ತಕವನ್ನು ಮಾತ್ರ ಶ್ರದ್ಧೆಯಿಂದ ಇಟ್ಟಿದ್ದರು!

ನಗಬಹುದು. ಆದರೆ ನನ್ನ ವಾದ ಇರುವುದೇ ಇಲ್ಲಿ: ಎಲ್ಲವೂ ಕಾನೂನಿನ ಪ್ರಕಾರವೇ ನಡೆಯಿತು.

ಎರ್ಡೋಗನ್ ಆಡಳಿತದ ಮೊದಲ ವರ್ಷಗಳು ಹೀಗಿರಲಿಲ್ಲ. 2009ರಲ್ಲಿ ಸರ್ಕಾರಿ ವಾಹಿನಿಯೇ ಕುರ್ದಿ ಪ್ರಸಾರ ಆರಂಭಿಸಿತ್ತು. 2015ರ ಜೂನ್‌ನಲ್ಲಿ ಕುರ್ದರ ಬೆಂಬಲವಿದ್ದ ಎಚ್‌ಡಿಪಿ ಎಂಬ ಪಕ್ಷ, ಸಂಸತ್ತಿಗೆ ಬರಲು ಆಗ ಬೇಕಿದ್ದ ಶೇ. 10 ಮತಗಳ ಮಿತಿ ದಾಟಿ 80 ಸ್ಥಾನ ಗಳಿಸಿ, ಆಳುವ ಪಕ್ಷದ ಬಹುಮತ ತಪ್ಪಿದ ಮೇಲೆ ಗಾಳಿ ತಿರುಗಿತು. 2016ರ ಮೇ ತಿಂಗಳಲ್ಲಿ, ಮೊಕದ್ದಮೆ ಎದುರಿಸುತ್ತಿದ್ದ ಸಂಸದರಿಗೆ ಬಂಧನ, ವಿಚಾರಣೆಗಳಿಂದ ಇದ್ದ ರಕ್ಷಣೆಯನ್ನು ತೆಗೆಯುವ ಸಂವಿಧಾನ ತಿದ್ದುಪಡಿ 376 ಮತಗಳಿಂದ ಅಂಗೀಕಾರವಾಯಿತು. ಮುಖ್ಯ ವಿರೋಧ ಪಕ್ಷದ ನಾಯಕ ಕೆಮಾಲ್ ಕಿಲಿಚ್‌ದಾರೊಲು, ಇದು ಸಂವಿಧಾನಕ್ಕೆ ವಿರುದ್ಧವಾದರೂ ತಾವು ಬೆಂಬಲಿಸುವುದಾಗಿ ಬಹಿರಂಗವಾಗಿಯೇ ಹೇಳಿದ್ದರು. ನವೆಂಬರ್‌ನಲ್ಲಿ ಎಚ್‌ಡಿಪಿಯ ನಾಯಕ ಸೆಲಾಹಾತ್ತಿನ್ ದೆಮಿರ್ತಾಶ್ ಜೈಲು ಸೇರಿದರು. ಮರುವರ್ಷ ಅದೇ ತಿದ್ದುಪಡಿಯಿಂದ ರಕ್ಷಣೆ ಕಳೆದುಕೊಂಡಿದ್ದ, ಕಿಲಿಚ್‌ದಾರೊಲು ಅವರದೇ ಪಕ್ಷದ ಸಂಸದರೊಬ್ಬರು ಜೈಲಿಗೆ ಹೋದಾಗ, ಈ ನಾಯಕರು 'ನ್ಯಾಯ' ಎಂದು ಬರೆದ ಫಲಕ ಹಿಡಿದು ಅಂಕಾರಾದಿಂದ ಇಸ್ತಾಂಬುಲ್‌ವರೆಗೆ ನಡೆದರು. ಅವರ ನಡಿಗೆಯನ್ನು ನಾನು ಗೌರವಿಸುತ್ತೇನೆ. ಒಂದು ವರ್ಷ ಮೊದಲೇ ಹೊರಟಿದ್ದರೆ ಇನ್ನೂ ಹೆಚ್ಚು ಗೌರವಿಸುತ್ತಿದ್ದೆ.

ಇನ್ನು ನಗರಸಭೆಗಳು. ಬೆಂಗಳೂರಿನವರಾದ ನಾವು ಪಾಲಿಕೆಗೆ 2020ರಿಂದ ಆಡಳಿತಾಧಿಕಾರಿಯನ್ನು ಕಂಡವರು. ಇಲ್ಲಿ ಅವರು ಬಂದದ್ದು ಚುನಾವಣೆ ನಡೆಯದ್ದಕ್ಕೆ. ಕುರ್ದರ ಊರುಗಳಿಗೆ ಅವರು ಬರುವುದು ಚುನಾವಣೆ ಮುಗಿದ ಮೇಲೆ, ಗೆದ್ದವರನ್ನು ಭಯೋತ್ಪಾದನೆಯ ಆರೋಪದ ಮೇಲೆ ಇಳಿಸಿ. ಅಂಥ ಊರುಗಳಲ್ಲೊಂದಾದ ಮಾರ್ದಿನ್‌ನಲ್ಲಿ ಅಹ್ಮೆತ್ ತುರ್ಕ್ ಎಂಬ ಹಿರಿಯರು ಮೇಯರ್ ಸ್ಥಾನವನ್ನು ಮೂರು ಸಲ ಗೆದ್ದರು. 2016, 2019, 2024ರಲ್ಲಿ ಮೂರು ಸಲವೂ ಅವರನ್ನು ಇಳಿಸಲಾಯಿತು. ಇದೂ ಕಾನೂನಿನ ಪ್ರಕಾರವೇ. ಕುರ್ದರ ಮೇಲೆ ವರ್ಷಗಳ ಕಾಲ ಪಳಗಿದ ಈ ಕ್ರಮ 2024ರಲ್ಲಿ ಇಸ್ತಾಂಬುಲ್‌ನ ಎಸೆನ್‌ಯುರ್ತ್ ಎಂಬ ಭಾಗಕ್ಕೂ ಬಂದಿತು. 2025ರ ಮಾರ್ಚ್‌ನಲ್ಲಿ ಇಡೀ ಇಸ್ತಾಂಬುಲ್‌ನ ಮೇಯರ್ ಇಮಾಮೊಲು ಅವರೇ ಬಂಧಿತರಾದರು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ದೆಮಿರ್ತಾಶ್ ಅವರನ್ನು ಬಿಡುಗಡೆ ಮಾಡಬೇಕೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2020ರಲ್ಲೇ ಹೇಳಿದರೂ ಬಾಗಿಲು ತೆರೆಯಲಿಲ್ಲ ಎಂಬುದನ್ನಷ್ಟೇ ಹೇಳಿ ಮುಂದೆ ಹೋಗಬೇಕಾಗಿದೆ. ಶಾಲೆಯ ವಿಷಯ ಉಳಿದೇ ಹೋಯಿತು. ತುರ್ಕಿ ಭಾಷೆಯ ಹೊರತು ಬೇರಾವುದನ್ನೂ ಮಾತೃಭಾಷೆಯೆಂದು ಕಲಿಸಬಾರದೆನ್ನುವ ಸಂವಿಧಾನದ 42ನೆಯ ವಿಧಿ ಹಾಗೆಯೇ ಇದೆ. 2012ರಿಂದ ಕುರ್ದಿ ವಾರಕ್ಕೆ ಎರಡು ಗಂಟೆಯ ಐಚ್ಛಿಕ ಪಾಠ. ಆ ಎರಡು ಗಂಟೆಗಳ ಬಗ್ಗೆ ಯಾರಾದರೂ ಪ್ರಶ್ನೆ ಕೇಳಿದರೆ ನನಗೆ ಇನ್ನೂ ಐದು ನಿಮಿಷ ಸಿಕ್ಕೀತು.