ನಿಮ್ಮ ಚಿತ್ರದ ಬೀಗದ ಕೈ ಯಾರ ಹತ್ತಿರ ಇದೆ?

ಎಲ್ಲರಿಗೂ ಶರಣು ಶರಣಾರ್ಥಿ. ಕಲಬುರಗಿಯ ಈ ಬಿಸಿಲಲ್ಲಿ ಇಷ್ಟು ಜನ ಬಂದಿದ್ದೀರಿ. ಬೀದರ್‌ನಿಂದ, ಸುರಪುರದಿಂದ ಬೆಳಗಿನ ಬಸ್ ಹಿಡಿದು ಬಂದವರೂ ಇದ್ದೀರಿ. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ: ಚಿತ್ರ ಬಿಡಿಸಲು ಪುಕ್ಕಟೆ ಸಿಗುವ ಸಾಫ್ಟ್‌ವೇರ್‌ಗಳಲ್ಲಿ ಯಾವುದನ್ನು ಆರಿಸಬೇಕು?

ನನ್ನ ಹತ್ತಿರ ಕಲಿಯಲು ಬರುವ ಹುಡುಗರು ಮೊದಲ ದಿನವೇ ಕೇಳುತ್ತಾರೆ, "ಮೇಡಂ, ಫ್ರೀ ಒಳಗ ಯಾವುದು ಚಲೋ ಅದ ರೀ?" ನಾನು ತಿರುಗಿ ಕೇಳುತ್ತೇನೆ, "ಏನು ತೆಗೀತಿ ಅದನ್ನ ಹೇಳು ಮೊದಲು." ಬಣ್ಣ ತುಂಬಿದ ಮುಖವೋ, ಗೆರೆಯ ಹೂಬಳ್ಳಿಯೋ, ಮದುವೆಯ ಪತ್ರಿಕೆಯೋ? ಒಂದೊಂದಕ್ಕೆ ಒಂದೊಂದು ಸಾಧನ. ಆದರೆ ಅದಕ್ಕಿಂತ ಮುಂಚೆ ಇನ್ನೊಂದು ಪ್ರಶ್ನೆ ಇದೆ. ಅದನ್ನು ನಾನು ಪೆಟ್ಟು ತಿಂದು ಕಲಿತೆ.

ಕಂಪ್ಯೂಟರ್‌ನಲ್ಲಿ ಚಿತ್ರ ಬಿಡಿಸಲು ಶುರು ಮಾಡಿದ ಹೊಸದು. ಪರಿಚಯದವರೊಬ್ಬರು ಒಂದು ಸಿಡಿ ಕೊಟ್ಟರು. ದುಬಾರಿ ಸಾಫ್ಟ್‌ವೇರ್, ಆದರೆ ಕದ್ದ ಕಾಪಿ. ಎರಡು ವರ್ಷ ಅದರಲ್ಲೇ ಬಿಡಿಸಿದೆ. ಒಂದು ಚಿತ್ರದಲ್ಲಿ ಅವ್ವ ಒಲೆ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅವಳ ಕೈಗಂಟಿದ ಹಿಟ್ಟಿಗೇ ಮೂರು ಲೇಯರ್, ಅಂದರೆ ಒಂದರ ಮೇಲೊಂದು ಇಡುವ ಪಾರದರ್ಶಕ ಪದರ, ಮಾಡಿದ್ದೆ. ಆಮೇಲೆ ಕಂಪ್ಯೂಟರ್ ಕೆಟ್ಟಿತು. ಹೊಸದರಲ್ಲಿ ಆ ಕಾಪಿ ನಡೆಯಲಿಲ್ಲ. ಫೈಲ್ ಇದೆ, ತೆರೆಯಲು ಸಾಧನ ಇಲ್ಲ. ಬೇರೆ ಸಾಫ್ಟ್‌ವೇರ್‌ಗಳಲ್ಲಿ ಹಾಕಿ ನೋಡಿದೆ, ಒಂದೂ ಅದನ್ನು ಓದಲಿಲ್ಲ. ಆ ಫೈಲ್ ಈಗಲೂ ನನ್ನ ಪೆನ್‌ಡ್ರೈವ್‌ನಲ್ಲಿದೆ.

ಅದಕ್ಕೇ ಕೇಳುತ್ತೇನೆ, ನಿಮ್ಮ ಚಿತ್ರದ ಬೀಗದ ಕೈ ಯಾರ ಹತ್ತಿರ ಇದೆ?

ಫ್ರೀ ಅನ್ನುವುದರಲ್ಲಿ ಎರಡು ಜಾತಿ ಇವೆ. ಒಂದು, ದುಡ್ಡು ಕೇಳದ್ದು. ಮೆಡಿಬ್ಯಾಂಗ್, ಫೈರ್‌ಅಲ್ಪಾಕಾ, ಫೋನ್‌ನಲ್ಲಿ ಐಬಿಸ್ ಪೇಂಟ್ ಇಂಥವು. ಚೆನ್ನಾಗಿಯೇ ಇವೆ. ಬರೀ ಫೋನ್ ಇರುವ ಮಕ್ಕಳು ಐಬಿಸ್‌ನಲ್ಲೇ ಕೈ ಪಳಗಿಸಿಕೊಳ್ಳಲಿ, ನಡುನಡುವೆ ಜಾಹೀರಾತು ಬರುತ್ತದೆ ಅಷ್ಟೇ. ಆದರೆ ಮಾಲೀಕರು ನಾಳೆ ನಿಯಮ ಬದಲಿಸಿದರೆ ನಾವು ಏನೂ ಮಾಡುವಂತಿಲ್ಲ. ಇನ್ನೊಂದು, ಮುಕ್ತ ಸಾಫ್ಟ್‌ವೇರ್. ಕ್ರಿಟಾ, ಗಿಂಪ್, ಇಂಕ್‌ಸ್ಕೇಪ್, ಮೈಪೇಂಟ್ ಈ ಜಾತಿಯವು. ಇವುಗಳ ಕೋಡ್, ಅಂದರೆ ಸಾಫ್ಟ್‌ವೇರ್ ಕಟ್ಟಿದ ಮೂಲ ಬರಹ, ಎಲ್ಲರಿಗೂ ತೆರೆದಿದೆ. ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಗೆಳೆಯನಿಗೆ ಕಾಪಿ ಮಾಡಿ ಕೊಡಬಹುದು. ಅದು ಕಳ್ಳತನ ಅಲ್ಲ.

ಇಲ್ಲಿ ಬೀಗದ ಕೈ ನಮ್ಮ ಹತ್ತಿರವೇ ಇರುತ್ತದೆ. ಸುಮ್ನೆ ಮಾತಿಗೆ ಹೇಳುತ್ತಿಲ್ಲ, ಪರದೆ ನೋಡಿ. ಇದು ಕ್ರಿಟಾದ ಫೈಲ್, ಹೆಸರಿನ ಕೊನೆಗೆ ಡಾಟ್ ಕೆಆರ್‌ಎ ಇದೆ. ಅದನ್ನು ಅಳಿಸಿ ಡಾಟ್ ಜಿಪ್ ಅಂತ ಬರೆಯುತ್ತೇನೆ, ಜಿಪ್ ಅಂದರೆ ಹಲವು ಫೈಲ್ ಕಟ್ಟಿಟ್ಟ ಗಂಟು. ಈಗ ತೆರೆದೆ. ಒಳಗೆ ನೋಡಿ, ಮರ್ಜ್‌ಡ್‌ಇಮೇಜ್ ಅಂತ ಒಂದು ಪಿಎನ್‌ಜಿ, ಅಂದರೆ ಸಾಮಾನ್ಯ ಚಿತ್ರದ ಫೈಲ್, ಕೂತಿದೆ. ಅದೇ ನಿಮ್ಮ ಪೂರ್ತಿ ಚಿತ್ರ. ನಾಳೆ ಕ್ರಿಟಾ ಇಲ್ಲದ ಕಂಪ್ಯೂಟರ್ ಮುಂದೆ ಕೂತರೂ ಚಿತ್ರ ಕೈಗೆ ಸಿಗುತ್ತದೆ. ಇದನ್ನು ಮೊದಲ ಸಲ ಮಾಡಿ ನೋಡಿದ ದಿನ ನನಗೆ ಅವ್ವನ ಚಿತ್ರವೇ ನೆನಪಾಯಿತು.

ಬಣ್ಣದ ಕೆಲಸಕ್ಕೆ ನಾನು ಹೇಳುವುದು ಕ್ರಿಟಾ. ನಮ್ಮ ಊರಿನ ಎಸ್.ಎಂ. ಪಂಡಿತರನ್ನು ನೆನೆಯಿರಿ. 1916ರಲ್ಲಿ ಇಲ್ಲಿ ಹುಟ್ಟಿ, ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್, ಕ್ಯಾಲೆಂಡರ್ ಚಿತ್ರಗಳಿಂದ ಹೆಸರು ಮಾಡಿದವರು. ಅವರ ಚಿತ್ರದಲ್ಲಿ ಕೆನ್ನೆಯ ಬೆಳಕು ನೆರಳಿಗೆ ಜಾರುವ ಜಾಗ ನೋಡಿ. ಅಂಥ ಬೆರಕೆ ಕಲಿಯಬೇಕೆಂದರೆ ಬಣ್ಣ ಕಲೆಸುವ ಬ್ರಷ್ ಬೇಕು, ಪೆನ್ ಟ್ಯಾಬ್ಲೆಟ್ ಮೇಲೆ ಪೆನ್ನಿನ ಒತ್ತಡ ತಿಳಿಯುವ ಬ್ರಷ್ ಬೇಕು. ಕ್ರಿಟಾ ಹಾಕಿಕೊಂಡರೆ ಅವು ಜೊತೆಗೇ ಸಿಗುತ್ತವೆ. ಸುರಪುರದ ಸಾಂಪ್ರದಾಯಿಕ ಚಿತ್ರಶೈಲಿಯ ಸಣ್ಣ ಗೆರೆ ಎಳೆಯುವವರು ಟೂಲ್ ಆಪ್ಶನ್ಸ್‌ನಲ್ಲಿ ಸ್ಟೆಬಿಲೈಸರ್ ಹಾಕಿಕೊಳ್ಳಿ, ಕೈ ನಡುಗಿದರೂ ಗೆರೆ ನಡುಗುವುದಿಲ್ಲ. ಒಂದು ಮಾತು ನೆನಪಿರಲಿ, ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಕ್ರಿಟಾಗೆ ದುಡ್ಡು ಕೇಳುತ್ತದೆ. ಅವರದೇ ಜಾಲತಾಣ ಕ್ರಿಟಾ ಡಾಟ್ ಆರ್ಗ್‌ನಲ್ಲಿ ಅದೇ ಸಾಫ್ಟ್‌ವೇರ್ ಪುಕ್ಕಟೆ. ಕೈಯಲ್ಲಿ ಕಾಸು ಬಂದ ದಿನ ಕೊಟ್ಟರೆ ಒಳ್ಳೆಯದು, ಅದನ್ನು ಕಟ್ಟುವವರೂ ಊಟ ಮಾಡಬೇಕು ಅಲ್ವಾ?

ಬೀದರ್‌ನವರಿಗೆ ಬೇರೆ ಮಾತು. ಬಿದರಿ ಕೆಲಸದಲ್ಲಿ ಸತು-ತಾಮ್ರದ ಪಾತ್ರೆಯ ಮೇಲೆ ಕುಶಲಕರ್ಮಿ ಚೂಪು ಮೊಳೆಯಲ್ಲಿ ಬಳ್ಳಿ ಗೀರುತ್ತಾನೆ. ಉಳಿಯಿಂದ ಕೊರೆದು ಬೆಳ್ಳಿ ತಂತಿ ಬಡಿದು ಕೂರಿಸುತ್ತಾನೆ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಹಚ್ಚಿದಾಗ ಲೋಹ ಕಪ್ಪಾಗಿ ಬೆಳ್ಳಿ ಮಾತ್ರ ಹೊಳೆಯುತ್ತದೆ. ಅಲ್ಲಿ ಇರುವುದೆಲ್ಲ ಗೆರೆ. ಅದೇ ಹೂವು ಒಂದು ದಿನ ಕಿವಿಯೋಲೆಗೆ ಬೇಕು, ಇನ್ನೊಂದು ದಿನ ಮೊಳದುದ್ದದ ಹೂದಾನಿಗೆ. ಕ್ರಿಟಾದಲ್ಲಿ ಬಣ್ಣ ಬಳಿದ ಚಿತ್ರ ಚುಕ್ಕಿಗಳಿಂದ ಆದದ್ದು, ಹಿಗ್ಗಿಸಿದರೆ ಮಸುಕಾಗುತ್ತದೆ. ಇಂಕ್‌ಸ್ಕೇಪ್ ಗೆರೆಯನ್ನು ಲೆಕ್ಕವಾಗಿ ಇಟ್ಟುಕೊಳ್ಳುತ್ತದೆ. ಎಷ್ಟು ಹಿಗ್ಗಿಸಿದರೂ ಅಂಚು ಚೂಪು. ಒಂದು ಎಸಳು ಬಿಡಿಸಿ, ಅದರ ಕ್ಲೋನ್ ಮಾಡಿ ಸುತ್ತ ಕೂರಿಸಿ. ಮೂಲ ಎಸಳಿನ ತುದಿ ತಿದ್ದಿದರೆ ಉಳಿದ ಎಸಳುಗಳೂ ತಾವೇ ತಿದ್ದಿಕೊಳ್ಳುತ್ತವೆ. ಇದಕ್ಕೆ ಪೆನ್ ಟ್ಯಾಬ್ಲೆಟ್ ಕೂಡ ಬೇಡ, ಮೌಸ್ ಸಾಕು.

ಮದುವೆ ಪತ್ರಿಕೆ, ಬ್ಯಾನರ್ ಮಾಡುವವರಿಗೂ ಇಂಕ್‌ಸ್ಕೇಪೇ ಸರಿ. ಕನ್ನಡವನ್ನು ಯೂನಿಕೋಡ್ ಫಾಂಟ್‌ನಲ್ಲಿ ಬರೆಯಿರಿ. ಫ್ಲೆಕ್ಸ್ ಅಂಗಡಿಗೆ ಕೊಡುವ ಮುಂಚೆ ಒಂದು ಕಾಪಿ ಮಾಡಿ, ಅದರಲ್ಲಿ ಅಕ್ಷರಗಳನ್ನು ಪಾತ್, ಅಂದರೆ ಬರೀ ಗೆರೆಯ ಆಕಾರ, ಆಗಿ ಬದಲಿಸಿ ಪಿಡಿಎಫ್ ಮಾಡಿಕೊಡಿ. ಇಲ್ಲದಿದ್ದರೆ ಅಲ್ಲಿ ನಿಮ್ಮ ಫಾಂಟ್ ಇರುವುದಿಲ್ಲ, ಒತ್ತಕ್ಷರ ಕಳಚಿಕೊಂಡು ಬೀಳುತ್ತವೆ. ಮದುಮಗಳ ಹೆಸರಿನ ಒತ್ತೇ ಬಿದ್ದುಹೋದ ಬ್ಯಾನರ್ ಮುಂದೆ ನಿಂತಿದ್ದೇನೆ, ಅವರ ಮನೆಯವರ ಮುಖ ನೋಡಲು ಆಗಲಿಲ್ಲ.

ಗಿಂಪ್ ಫೋಟೋ ತಿದ್ದಲು ಒಳ್ಳೆಯದು. 1995ರಿಂದ ಬೆಳೆದು ಬಂದ ಗಟ್ಟಿ ಸಾಧನ. ಚಿತ್ರ ಬಿಡಿಸಲು ಮಾತ್ರ ನಾನು ಅದನ್ನು ಮೊದಲು ಹೇಳುವುದಿಲ್ಲ.

ಕೊನೆಗೆ ನಿಮ್ಮ ಯಂತ್ರದ ಮಾತು. 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಯಂತೆ, ಎ4 ಹಾಳೆ ಅಂದರೆ 2480 ಅಡ್ಡ, 3508 ಉದ್ದ ಚುಕ್ಕಿಗಳು. ತುಂಬಿದ ಒಂದು ಲೇಯರ್‌ಗೆ ಸುಮಾರು 35 ಎಂಬಿ ಮೆಮೊರಿ. ಹತ್ತು ಲೇಯರ್ ಮಾಡಿದರೆ 350. 4 ಜಿಬಿ ಲ್ಯಾಪ್‌ಟಾಪ್ ಇದ್ದವರು ಬ್ರೌಸರ್ ಮುಚ್ಚಿ ಕೂರಿ, ಮುಗಿದ ಲೇಯರ್‌ಗಳನ್ನು ಸೇರಿಸುತ್ತಾ ಹೋಗಿ. ಯುಪಿಎಸ್ ಇಲ್ಲದ ಕಂಪ್ಯೂಟರ್‌ನವರು ಇನ್ನೂ ಜಾಸ್ತಿ ಎಚ್ಚರ ಇರಬೇಕು, ಬೇಸಿಗೆಯಲ್ಲಿ ಕರೆಂಟ್ ಹೇಳಿ ಹೋಗುವುದಿಲ್ಲ. ಕ್ರಿಟಾದ ಸೆಟ್ಟಿಂಗ್‌ನಲ್ಲಿ ಆಟೋಸೇವ್, ಅಂದರೆ ತಾನಾಗಿ ಉಳಿಸಿಕೊಳ್ಳುವುದು, ಐದು ನಿಮಿಷಕ್ಕೆ ಇಡಿ. ದೊಡ್ಡ ಬದಲಾವಣೆಗೆ ಮುಂಚೆ ಕಂಟ್ರೋಲ್, ಆಲ್ಟ್, ಎಸ್ ಒಟ್ಟಿಗೆ ಒತ್ತಿ. ಹಳೆಯದು ಹಾಗೇ ಉಳಿದು ಹೊಸ ನಂಬರಿನ ಫೈಲ್ ಆಗುತ್ತದೆ.

ಲ್ಯಾಪ್‌ಟಾಪ್ ತಂದವರು ಮುಂದಿನ ಸಾಲಿಗೆ ಬನ್ನಿ. ಪೆನ್‌ಡ್ರೈವ್‌ನಲ್ಲಿ ಕ್ರಿಟಾ, ಇಂಕ್‌ಸ್ಕೇಪ್ ಎರಡೂ ತಂದಿದ್ದೇನೆ, ಇಂಟರ್‌ನೆಟ್ ಬೇಕಿಲ್ಲ. ಅದು ಕಾಪಿ ಆಗುವಷ್ಟರಲ್ಲಿ ಚಹಾ ಬರುತ್ತದೆ. ಆಮೇಲೆ ಎಲ್ಲರೂ ಒಂದು ಬಿದರಿ ಹೂವು ಬಿಡಿಸೋಣ.