ಕುಣಿಯುತ್ತಾ ಬಂದು ಗೆದ್ದ ಗೆಂಕಿ ಸುಡೊ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ನಿಮಗೆ ಜಪಾನಿನ ಒಬ್ಬ ಫೈಟರ್ ಬಗ್ಗೆ ಹೇಳುತ್ತೇನೆ. ಹೆಸರು ಗೆಂಕಿ ಸುಡೊ. ಮಿಕ್ಸೆಡ್ ಮಾರ್ಷಲ್ ಆರ್ಟ್ಸ್, ಈಗಿನ ಹುಡುಗರು ಎಂಎಂಎ ಅಂತಾರಲ್ಲ, ಆ ಆಟದವನು. ಈ ಆಟದಲ್ಲಿ ಗುದ್ದಬಹುದು, ಒದೆಯಬಹುದು, ಎತ್ತಿ ಕೆಡವಬಹುದು. ಕೆಳಗೆ ಬಿದ್ದ ಮೇಲೂ ಕೈಕಾಲು ಹಿಡಿದು ತಿರುಚಬಹುದು. ತಡೆಯಲಾರದವನು ಕೈಯಿಂದ ತಟ್ಟಿದರೆ ಸೋಲು ಒಪ್ಪಿಕೊಂಡ ಹಾಗೆ, ಅಲ್ಲಿಗೆ ಮುಗಿಯಿತು. ಆಟದ ಬಗ್ಗೆ ಇಷ್ಟು ಗೊತ್ತಿದ್ದರೆ ಸಾಕು.

ನಾನು ಬೆಂಗಳೂರಿನಲ್ಲಿ ಮಕ್ಕಳಿಗೆ ಕುಸ್ತಿ, ಜುಜಿತ್ಸು ಹೇಳಿಕೊಡುವವನು. ಜುಜಿತ್ಸು ಅಂದರೆ ನೆಲದ ಮೇಲೆ ಹಿಡಿದು, ತಿರುಚಿ, ಬಿಗಿದು ಗೆಲ್ಲುವ ವಿದ್ಯೆ. ಹೊಸದಾಗಿ ಸೇರುವ ಹುಡುಗರು ಮ್ಯಾಟ್ ಮೇಲೆ ಕಾಲಿಡುವ ಮೊದಲೇ ಕೇಳುತ್ತಾರೆ, "ಸರ್, ಆ ಗಿರಕಿ ಹೊಡೆದು ಗುದ್ದೋದು ಯಾವಾಗ ಹೇಳಿಕೊಡ್ತೀರ?" ಪಕ್ಕದಲ್ಲಿ ನಿಂತ ಅಪ್ಪನಿಗೋ ಅಮ್ಮನಿಗೋ ಬೇರೆ ಚಿಂತೆ. "ಇದೆಲ್ಲ ಬರೀ ಶೋಕಿ ಅಲ್ವಾ ಸರ್, ಇದರಲ್ಲಿ ಏನಿದೆ?" ಅಂತಾರೆ. ಇಬ್ಬರಿಗೂ ನನ್ನದು ಒಂದೇ ಉತ್ತರ. ಮೊದಲು ಪಟ್ಟು, ಆಮೇಲೆ ಕುಣಿತ. ಸುಡೊ ಆಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವನು ರಿಂಗ್‌ಗೆ ಬರುವುದೇ ಒಂದು ಜಾತ್ರೆ. ಬೇರೆ ಫೈಟರ್‌ಗಳು ಟವೆಲ್ ಹೊದ್ದು, ಮುಖ ಬಿಗಿ ಮಾಡಿಕೊಂಡು ಬರುತ್ತಾರೆ. ಇವನು ವೇಷ ಹಾಕಿಕೊಂಡು, ಕುಣಿಯುವವರ ತಂಡ ಕಟ್ಟಿಕೊಂಡು, ಯಂತ್ರದ ಬೊಂಬೆ ಹಾಗೆ ಕತ್ತು ಕೈ ಆಡಿಸುತ್ತಾ ಬರುತ್ತಿದ್ದ. ಒಳಗೆ ಬಂದ ಮೇಲಾದರೂ ಸುಮ್ಮನಿರುತ್ತಾನಾ? ಇಲ್ಲ. ಗಂಟೆ ಹೊಡೆದ ಮೇಲೂ ಅದೇ. ಒಂದು ಕ್ಷಣ ಬೊಂಬೆ ಹಾಗೆ ನಿಲ್ಲುವುದು, ಮರುಕ್ಷಣ ಎದುರಾಳಿಗೆ ಬೆನ್ನು ತಿರುಗಿಸುವುದು, ಅಲ್ಲಿಂದಲೇ ಗಿರಕಿ ಹೊಡೆದು ಮುಷ್ಟಿಯ ಹಿಂಬದಿಯಿಂದ ಬಾರಿಸುವುದು.

ಇದನ್ನು ಹುಚ್ಚಾಟ ಅನ್ನುವವರನ್ನು ಕಂಡರೆ ನನಗೆ ಸಮಾಧಾನ ಇರುವುದಿಲ್ಲ. ನಮ್ಮ ಪೈಲ್ವಾನರು ತೊಡೆ ತಟ್ಟಿಕೊಂಡು ಅಖಾಡಕ್ಕೆ ಇಳಿಯುವುದಿಲ್ಲವಾ? ಅದನ್ನು ಯಾರಾದರೂ ಶೋಕಿ ಅಂತಾರಾ? ಎದುರು ನಿಂತವನ ಎದೆಯಲ್ಲಿ ಒಂದು ಅನುಮಾನ ಹುಟ್ಟಬೇಕು, ಅದಕ್ಕೆ ಆ ತೊಡೆ ತಟ್ಟುವುದು. ಸುಡೊ ಕುಣಿತವೂ ಅದಕ್ಕೇ. ಇವನು ಈಗ ಗುದ್ದುತ್ತಾನಾ, ಕಾಲು ಹಿಡಿದು ಕೆಡವುತ್ತಾನಾ ಅಂತ ಎದುರಾಳಿ ಅರೆಕ್ಷಣ ಯೋಚಿಸಿದರೆ ಸಾಕು. ಆ ಅರೆಕ್ಷಣದಲ್ಲಿ ಇವನು ಒಳಗೆ ನುಗ್ಗಿರುತ್ತಾನೆ.

ಆದರೆ ಎದುರಾಳಿಗೆ ಬೆನ್ನು ಕೊಡುವ ಧೈರ್ಯ ಎಲ್ಲಿಂದ ಬರುತ್ತದೆ? ಹುಡುಗರೇ, ಇಲ್ಲಿ ಸ್ವಲ್ಪ ಗಮನ ಕೊಡಿ. ಬೆನ್ನು ತೋರಿಸಿದರೆ ಎದುರಾಳಿ ಹಿಂದಿನಿಂದ ತಬ್ಬಿ ಕೆಡವುತ್ತಾನೆ. ನಮ್ಮ ನಿಮ್ಮಂಥವರಿಗೆ ಅದು ಸೋಲು. ಸುಡೊಗೆ ಅದು ಮನೆಗೆ ಹೋದ ಹಾಗೆ! 1978ರಲ್ಲಿ ಟೋಕಿಯೋದಲ್ಲಿ ಹುಟ್ಟಿದ ಹುಡುಗ. ಹೈಸ್ಕೂಲಿನಿಂದಲೇ ಕುಸ್ತಿ. ಆಮೇಲೆ ಅಮೆರಿಕಕ್ಕೆ ಹೋಗಿ ಜುಜಿತ್ಸು ಕಲಿತು ಬಂದ. ನೆಲದ ಮೇಲೆ ಯಾವ ಕಡೆಯಿಂದ ಬಿದ್ದರೂ ಅವನ ಕೈಗೆ ಒಂದು ಪಟ್ಟು ಸಿಗುತ್ತಿತ್ತು. ಅದಕ್ಕೇ ನಿಂತು ಕುಣಿಯುವ ಧೈರ್ಯ. ಮೊದಲು ಪಟ್ಟು, ಆಮೇಲೆ ಕುಣಿತ.

ಈಗ ನನಗೆ ತುಂಬಾ ಇಷ್ಟವಾದ ಫೈಟ್‌ಗೆ ಬರುತ್ತೇನೆ. 2003ರ ಡಿಸೆಂಬರ್ 31. ಜಪಾನಿನ ನಗೋಯಾ ನಗರ. ಅಲ್ಲಿ ಆಗೆಲ್ಲ ವರ್ಷದ ಕೊನೆಯ ರಾತ್ರಿ ದೊಡ್ಡ ದೊಡ್ಡ ಫೈಟ್‌ಗಳು, ಮನೆ ಮಂದಿಯೆಲ್ಲ ಟಿವಿ ಮುಂದೆ. ಸುಡೊ ಎದುರಿಗೆ ಬಂದವನು ಅಮೆರಿಕದ ಬಾಕ್ಸರ್ ಎರಿಕ್ ಎಶ್. ಜನ ಕರೆಯುವುದು ಬಟರ್‌ಬೀನ್ ಅಂತ. ಬೋಳು ತಲೆ, ಡೊಳ್ಳು ಹೊಟ್ಟೆ, ಅಮೆರಿಕದ ಬಾವುಟದ ಬಣ್ಣದ ಚಡ್ಡಿ. ತೂಕ 170 ಕೆಜಿಗಿಂತ ಜಾಸ್ತಿ. ಸುಡೊ? ಸುಮಾರು 70 ಕೆಜಿ. ಒಂದೇ ರಿಂಗ್‌ನಲ್ಲಿ ಇವರಿಬ್ಬರು! ಬಟರ್‌ಬೀನ್ ದಪ್ಪ ಇದ್ದಾನೆ ಅಂತ ಹಗುರವಾಗಿ ನೋಡಬೇಡಿ. ನಾಲ್ಕು ಸುತ್ತಿನ ಬಾಕ್ಸಿಂಗ್‌ನಲ್ಲಿ ಅವನನ್ನು ರಾಜ ಅಂತಲೇ ಕರೆಯುತ್ತಿದ್ದರು. ಆ ಕೈಯ ಒಂದು ಏಟು ಸರಿಯಾಗಿ ಬಿದ್ದರೆ 70 ಕೆಜಿಯವನು ಮತ್ತೆ ಏಳುವ ಮಾತೇ ಇಲ್ಲ.

ಇಂಥವನ ಜೊತೆ ಗುದ್ದಾಡುವುದಕ್ಕೆ ಆಗುತ್ತದಾ? ಇಲ್ಲ. ಎತ್ತಿ ಎಸೆಯುವುದಕ್ಕೆ? ಅದೂ ಇಲ್ಲ. ಆದರೆ ಮರ ಎಷ್ಟೇ ದಪ್ಪ ಇರಲಿ, ಕೊಡಲಿ ಬೀಳುವುದು ಬುಡಕ್ಕೇ. ಸುಡೊ ಮೊದಲ ಸುತ್ತು ಏಟು ತಪ್ಪಿಸಿಕೊಂಡ. ಎರಡನೇ ಸುತ್ತಿನಲ್ಲಿ ಕಾಲು ಸಿಕ್ಕಿತು. ಹಿಡಿದದ್ದು ಹೀಲ್ ಹುಕ್ ಅನ್ನುವ ಪಟ್ಟು.

ಅದು ಹೇಗೆ ಅಂತ ಹೇಳುತ್ತೇನೆ. ಎದುರಾಳಿಯ ಪಾದದ ಮುಂಭಾಗ ನಿಮ್ಮ ಕಂಕುಳಲ್ಲಿ ಸಿಕ್ಕಿಕೊಂಡಿರಬೇಕು. ಅವನ ಹಿಮ್ಮಡಿ ನಿಮ್ಮ ಮೊಣಕೈ ಮಡಿಕೆಯ ಹತ್ತಿರ ಕೂತಿರಬೇಕು. ನಿಮ್ಮ ಎರಡು ಕಾಲೂ ಅವನ ತೊಡೆಗೆ ಬಿಗಿಯಾಗಿ ಹೆಣೆದುಕೊಂಡು, ಅವನ ಸೊಂಟ ತಿರುಗದ ಹಾಗೆ ಹಿಡಿದಿರಬೇಕು. ಆಮೇಲೆ ಹಿಮ್ಮಡಿಯನ್ನು ತಿರುಗಿಸಿದರೆ ಆಯಿತು. ತಿರುಗಿಸುವುದು ಹಿಮ್ಮಡಿ, ಪೆಟ್ಟು ಬೀಳುವುದು ಮಂಡಿಗೆ. ಮಂಡಿ ಮಡಚುವುದಕ್ಕೆ ಇರುವ ಕೀಲು. ತಿರುಚಿದರೆ ಒಳಗಿನ ನಾರುಗಳು ಹರಿಯುತ್ತವೆ. ಇನ್ನೂ ಅಪಾಯ ಏನೆಂದರೆ, ನೋವು ಗೊತ್ತಾಗುವ ಹೊತ್ತಿಗೆ ನಾರು ಹರಿದಿರಬಹುದು. ಅದಕ್ಕೇ ಸಿಕ್ಕಿಕೊಂಡವನು ತಕ್ಷಣ ತಟ್ಟಬೇಕು. ಯೂಟ್ಯೂಬ್ ನೋಡಿಕೊಂಡು ಗೆಳೆಯರ ಮೇಲೆ ಇದನ್ನು ಪ್ರಯೋಗ ಮಾಡುವ ಹುಡುಗರಿದ್ದೀರಿ, ದಯವಿಟ್ಟು ಬೇಡ. ಎದುರಿಗೆ ಗುರು ಇಲ್ಲದೆ ಈ ಪಟ್ಟಿಗೆ ಕೈ ಹಾಕಲೇಬೇಡಿ.

ಬಟರ್‌ಬೀನ್ ಜಾಣ. ತಟ್ಟಿದ. ಎರಡನೇ ಸುತ್ತು ಶುರುವಾಗಿ ಒಂದು ನಿಮಿಷ ಕೂಡ ಆಗಿರಲಿಲ್ಲ. ತನಗಿಂತ ಎರಡು ಪಟ್ಟಿಗೂ ಹೆಚ್ಚು ತೂಕದವನನ್ನು ಸುಡೊ ಗೆದ್ದದ್ದು ವೇಷದಿಂದ ಅಲ್ಲ, ಕುಣಿತದಿಂದಲೂ ಅಲ್ಲ. ವರ್ಷಗಟ್ಟಲೆ ಬೆವರು ಸುರಿಸಿ ಕಲಿತ ಒಂದು ಪಟ್ಟಿನಿಂದ. ಇದೇ ಪಟ್ಟಿನಲ್ಲಿ 2005ರಲ್ಲಿ ನೆದರ್‌ಲ್ಯಾಂಡ್ಸ್‌ನ ರಾಮೋನ್ ಡೆಕರ್ಸ್ ಕೂಡ ಅವನಿಗೆ ಸೋತ. ಮುಯ್ ಥಾಯ್ ಅಂದರೆ ಥಾಯ್ಲೆಂಡ್‌ನ ಬಾಕ್ಸಿಂಗ್‌ನಲ್ಲಿ ಡೆಕರ್ಸ್ ಬಹಳ ದೊಡ್ಡ ಹೆಸರು. ನಿಂತು ಹೊಡೆದಾಡಿದ್ದರೆ ಕಥೆ ಬೇರೆ ಆಗುತ್ತಿತ್ತು.

ಬಟರ್‌ಬೀನ್ ವಿಷಯದಲ್ಲೇ ಸಮಯ ಹೋಯಿತು. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಯುಎಫ್‌ಸಿ ಅನ್ನುವ ಅಮೆರಿಕದ ದೊಡ್ಡ ಎಂಎಂಎ ಸಂಸ್ಥೆಯ ಪಂದ್ಯಗಳಲ್ಲಿ ಮೂರು ಸಲ ಆಡಿದ, ಎರಡು ಗೆದ್ದ. ಅದರಲ್ಲಿ 2004ರಲ್ಲಿ ಮೈಕ್ ಬ್ರೌನ್ ಮೇಲೆ ಗೆದ್ದದ್ದೂ ಒಂದು. ಈ ಬ್ರೌನ್ ಮುಂದೆ ಡಬ್ಲ್ಯುಇಸಿ ಅನ್ನುವ ಅಮೆರಿಕದ ಇನ್ನೊಂದು ಎಂಎಂಎ ಸಂಸ್ಥೆಯ ಚಾಂಪಿಯನ್ ಆದ. ಅದೇ ವರ್ಷ ಬ್ರೆಜಿಲ್‌ನ ಹೆಸರಾಂತ ಜುಜಿತ್ಸು ಮನೆತನದ ರಾಯ್ಲರ್ ಗ್ರೇಸಿಯನ್ನು ಸುಡೊ ಮೊದಲ ಸುತ್ತಿನಲ್ಲೇ ಗುದ್ದಿ ಮಲಗಿಸಿದ. ಸೋಲೂ ಕಂಡ. 2005ರ ಕೊನೆಯ ದಿನ ನೊರಿಫುಮಿ ಯಮಾಮೊಟೊ ಅವನನ್ನು ಮೊದಲ ಸುತ್ತಿನಲ್ಲೇ ಮುಗಿಸಿದ. ಮರುವರ್ಷ, 2006ರ ಡಿಸೆಂಬರ್ 31ರಂದು, ಡಮಾಸಿಯೊ ಪೇಜ್ ಅನ್ನುವವನನ್ನು ಕಾಲಿನಿಂದ ಕತ್ತು ಬಿಗಿದು ಗೆದ್ದು, ಅಲ್ಲೇ ನಿವೃತ್ತಿ ಹೇಳಿದ. ಆಗ ಅವನಿಗೆ 28 ವರ್ಷ, ಅಷ್ಟೇ. ಫೈಟ್ ಮುಗಿದ ಮೇಲೆ ಎಷ್ಟೋ ದೇಶಗಳ ಬಾವುಟ ಸೇರಿಸಿದ ಒಂದು ಬಾವುಟ ಹಿಡಿಯುತ್ತಿದ್ದ. ನಾವೆಲ್ಲ ಒಂದೇ ಅಂತ ಅದರ ಮಾತು. ಈಗ ತಾನೇ ಗುದ್ದಾಡಿದವನು ಹಾಗೆ ಹೇಳುವುದು ನೋಡಿದರೆ ನನಗೆ ಈಗಲೂ ಖುಷಿಯಾಗುತ್ತದೆ.

ಆಮೇಲೆ 2009ರಲ್ಲಿ ವರ್ಲ್ಡ್ ಆರ್ಡರ್ ಅಂತ ಒಂದು ತಂಡ ಕಟ್ಟಿದ. ಕೋಟು ಟೈ ಹಾಕಿದ ಗಂಡಸರು, ಬೀದಿಯ ನಡುವೆ, ಒಂದೇ ಅಳತೆಯಲ್ಲಿ ಯಂತ್ರದ ಹಾಗೆ ಚಲಿಸುವ ನೃತ್ಯ. ರಿಂಗ್‌ನಲ್ಲಿ ಕಂಡ ಕುಣಿತವೇ, ಇನ್ನೂ ಹದವಾಗಿ. 2019ರಲ್ಲಿ ಜಪಾನ್ ಸಂಸತ್ತಿನ ಮೇಲ್ಮನೆಗೂ ಗೆದ್ದು ಬಂದ.

ಕೊನೆಗೆ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಮಕ್ಕಳನ್ನು ಸೇರಿಸುವ ಮೊದಲು ಆ ಜಾಗಕ್ಕೆ ಹೋಗಿ ಒಂದು ಗಂಟೆ ಕೂತು ನೋಡಿ. ಬೀಳುವುದು ಹೇಗೆ, ತಟ್ಟುವುದು ಯಾವಾಗ, ತಟ್ಟಿದ ಕೂಡಲೇ ಬಿಡುವುದು ಹೇಗೆ ಅಂತ ಮೊದಲ ವಾರ ಹೇಳಿಕೊಟ್ಟರೆ ಸೇರಿಸಿ. ಮೊದಲ ದಿನವೇ ಗಿರಕಿ ಏಟು ಕಲಿಸುವ ಕಡೆ ಬೇಡ. ನಮ್ಮ ಹಳೇ ಪೇಟೆಯಲ್ಲಿ ಕರಗದ ಹಬ್ಬಕ್ಕೆ ಕತ್ತಿ ಹಿಡಿದು ಬರುವ ವೀರಕುಮಾರರು ಸಾಮು ಮಾಡುವ ಗರಡಿಗಳಿವೆ. ಅಲ್ಲಿ ಕತ್ತಿ ಹಿಡಿಯುವ ಮೊದಲು ಎಷ್ಟು ಬೆವರು ಹರಿಯುತ್ತದೆ ಅಂತ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ.

ಹುಡುಗರೇ, ನೀವು ಬಟರ್‌ಬೀನ್ ಫೈಟ್ ಹುಡುಕಿ ನೋಡಿ. ಎರಡನೇ ಸುತ್ತಿನಲ್ಲಿ ಸುಡೊ ಕೈ ನೋಡಬೇಡಿ, ಅವನ ಎರಡು ಕಾಲು ಬಟರ್‌ಬೀನ್ ತೊಡೆಯನ್ನು ಹೇಗೆ ಹೆಣೆದುಕೊಂಡಿವೆ ಅಂತ ನೋಡಿ. ನಾಳೆ ಕ್ಲಾಸಿಗೆ ಬಂದವರು ಅದನ್ನು ನನಗೆ ಹೇಳಬೇಕು.

ನಮಸ್ಕಾರ.